ಎರೆಭೂತ ಹುಡುಕಿಕೊಂಡು ಮರಳುಗಾಡಿಗೆ

ಹೋದ ಬೇಸಿಗೆಯ ಒಂದು ರಾತ್ರಿ ರಾಣೆಬೆನ್ನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಕರೆಂಟು ಹೋಗಿತ್ತು. ಕಟ್ಟೆಯ ಮೇಲೆ ಕುಳಿತಿದ್ದೆವು. ಆರನೇ ತರಗತಿಯ ಮೊಮ್ಮಗಳು ಕಥೆ ಹೇಳು ಎಂದು ಗಂಟುಬಿದ್ದಳು. ಹೊಸದು ಯಾವುದೂ ನೆನಪಿಗೆ ಬರಲಿಲ್ಲ. ಹಳೆಯದೊಂದನ್ನೇ ತೆಗೆದೆ.

ನಾನು ಅವಳಷ್ಟೇ ಇದ್ದಾಗಿನ ಮಾತು, 1960ರ ದಶಕ. ಮುಂಗಾರಿಗೆ ಮುಂಚೆ ಅಜ್ಜನ ಜೊತೆ ಹೊಲಕ್ಕೆ ಹೋಗಿದ್ದೆ. ಕುಂಟೆ ಹೊಡೆಯುತ್ತಿದ್ದ ಅಜ್ಜ ಇದ್ದಕ್ಕಿದ್ದಂತೆ ಎತ್ತು ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟ. ದೂರದ ಬೀಳಿನಲ್ಲಿ, ಬಿಸಿಲಿಗೆ ನಡುಗುವ ಗಾಳಿಯ ಆಚೆ, ನನ್ನ ಎದೆಮಟ್ಟದ ಹಕ್ಕಿಯೊಂದು ನಿಂತಿತ್ತು. ಬಿಳಿಯ ಉದ್ದ ಕುತ್ತಿಗೆ, ತಲೆಯ ಮೇಲೆ ಕರೀ ಟೋಪಿ. ಒಂದು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೊಂದು ಹೆಜ್ಜೆ. ಪೇಟೆಗೆ ಬಂದ ಗೌಡರ ನಡಿಗೆ! “ಎರೆಭೂತ” ಎಂದ ಅಜ್ಜ ಮೆಲ್ಲಗೆ. ಎರೆ ಎಂದರೆ ನಮ್ಮ ಕರೀ ಮಣ್ಣಿನ ಹೊಲ. ಇಂಥ ಹೊಲದಲ್ಲಿ ಒಂಟಿಯಾಗಿ ಸುಮ್ಮನೆ ನಿಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವುದಕ್ಕೆ ಅದು ಭೂತ ಎಂದು ಅಜ್ಜ ಕೊಟ್ಟ ವಿವರಣೆ. ಕೆಲವು ಕಡೆ ಅದನ್ನೇ ದೊರವಾಯನ ಹಕ್ಕಿ ಎನ್ನುತ್ತಾರೆ.

“ಈಗ ಎಲ್ಲೈತಿ ಅಜ್ಜಾ ಅದು?”

“ನಮ್ಮ ಕಡೆ ಇಲ್ಲವ್ವಾ.”

“ಮತ್ತ ಎಲ್ಲೈತಿ?”

ಮಕ್ಕಳ ಪ್ರಶ್ನೆಗಳಲ್ಲಿ ಎರಡನೆಯದು ಯಾವಾಗಲೂ ಕಷ್ಟದ್ದು. ರಾಜಸ್ಥಾನದ ಮರಳುಗಾಡಿನಲ್ಲಿ ಒಂದಿಷ್ಟು ಉಳಿದಿವೆ ಎಂದೆ. ಹಾಗಾದರೆ ಹೋಗೋಣ ಎಂದಳು. ನಗುತ್ತಾ ಹೂಂ ಎಂದಿದ್ದೆ. ಅವಳು ಮರೆಯಲಿಲ್ಲ. ದಸರಾ ರಜೆ ಬಂತು. ಬನ್ನಿ ಕೊಟ್ಟು ತೆಗೆದುಕೊಂಡು, ಹಿರಿಯರ ಕಾಲಿಗೆ ಬಿದ್ದ ಮರುದಿನವೇ ನಾವಿಬ್ಬರೂ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು. ಜೋಧಪುರ, ಅಲ್ಲಿಂದ ಜೈಸಲ್ಮೇರ್. ಅವಳ ನೋಟುಪುಸ್ತಕದಲ್ಲಿ ಎರಡು ಎಸಳು ಬನ್ನಿ ಎಲೆ ಇದ್ದವು. ಅವು ಮುಂದೆ ಕೆಲಸಕ್ಕೆ ಬಂದವು.

ಮರಳೇ ಇಲ್ಲದ ಮರಳುಗಾಡು

ನಾವು ನೋಡಲು ಹೋದದ್ದು ಮರುಭೂಮಿ ರಾಷ್ಟ್ರೀಯ ಉದ್ಯಾನ. ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ ಹರಡಿರುವ ಇದರ ವಿಸ್ತಾರ 3,162 ಚದರ ಕಿಲೋಮೀಟರ್. ರಾಣೆಬೆನ್ನೂರಿನ ನಮ್ಮ ಕೃಷ್ಣಮೃಗ ವನ್ಯಧಾಮದಂಥವು ಇಪ್ಪತ್ತಾರು ಇದರೊಳಗೆ ಹಿಡಿಯುತ್ತವೆ. ಆಚೆ ಪಾಕಿಸ್ತಾನದ ಗಡಿ. 1980ರಲ್ಲಿ ಇದನ್ನು ರಕ್ಷಿತ ಪ್ರದೇಶವೆಂದು ಘೋಷಿಸಿದರು. ಹೆಸರಿನಲ್ಲಿ ರಾಷ್ಟ್ರೀಯ ಉದ್ಯಾನ ಎಂದಿದ್ದರೂ ಕಾನೂನಿನ ಲೆಕ್ಕದಲ್ಲಿ ಇದು ವನ್ಯಧಾಮ. ಒಳಗೆ ಹತ್ತಾರು ಹಳ್ಳಿಗಳಿವೆ, ಜನರಿದ್ದಾರೆ, ಅವರ ಕುರಿ, ಆಡು, ಒಂಟೆ, ದನಗಳಿವೆ.

ಜೈಸಲ್ಮೇರಿನಿಂದ ಜೀಪು ಹೊರಟು ಅರ್ಧ ಗಂಟೆಯಾದರೂ ಮರಳೇ ಕಾಣಲಿಲ್ಲ. ಮೊಮ್ಮಗಳ ಮುಖ ಸಪ್ಪೆಯಾಯಿತು. ಸಿನಿಮಾದಲ್ಲಿ ನೋಡಿದ ಅಲೆ ಅಲೆ ದಿಬ್ಬಗಳನ್ನು ಎಣಿಸಿಕೊಂಡು ಬಂದಿದ್ದಳು. ಕಂಡದ್ದು ಹಳದಿ ಕಲ್ಲು ಹಾಸಿದ ಬಯಲು, ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಪೊದೆ. ಇಲ್ಲಿನ ಮರುಭೂಮಿ ಹೀಗೆಯೇ. ದಿಬ್ಬಗಳು ಅದರ ಒಂದು ಪಾಲು ಮಾತ್ರ. ಉಳಿದದ್ದು ಕಲ್ಲುನೆಲ, ಗಟ್ಟಿ ಮರಳಿನ ಬಯಲು, ಒಣಗಿದ ಉಪ್ಪುಕೆರೆಗಳ ತಳ. ಎಲ್ಲಕ್ಕಿಂತ ಮುಖ್ಯವಾದದ್ದು ಆ ಹುಲ್ಲು. ಸೇವಣ ಎಂದು ಅದರ ಹೆಸರು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಇನ್ನೂರು ಮಿಲಿಮೀಟರ್ ಮುಟ್ಟಿದರೆ ದೊಡ್ಡದು. ನಮ್ಮ ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನ ಅಷ್ಟು ಸುರಿದದ್ದುಂಟು. ಆದರೂ ಸೇವಣ ಸಾಯುವುದಿಲ್ಲ. ಬೇರನ್ನು ಆಳಕ್ಕೆ ಇಳಿಬಿಟ್ಟು, ಮೇಲೆ ಒಣಗಿ ಕಡ್ಡಿಯಾಗಿ ಕುಳಿತಿರುತ್ತದೆ. ಒಂದು ಮಳೆ ಬಿದ್ದರೆ ಸಾಕು, ವಾರದೊಳಗೆ ಚಿಗುರು. ಇಲ್ಲಿನ ದನ, ಜಿಂಕೆ, ಮಿಡತೆ, ಹಕ್ಕಿ ಎಲ್ಲದರ ಅನ್ನ ಈ ಹುಲ್ಲಿನ ಬುಡದಲ್ಲಿದೆ.

ಮೊದಲ ದಿನ ನಮ್ಮನ್ನು ಕರೆದುಕೊಂಡು ಹೋದದ್ದು ಬಾಡಮೇರ್ ರಸ್ತೆಯಲ್ಲಿರುವ ಆಕಲ್‌ಗೆ. ಜೈಸಲ್ಮೇರಿನಿಂದ ಹದಿನೇಳು ಕಿಲೋಮೀಟರ್. ಬೇಲಿ ಹಾಕಿದ ಬೋಳು ಗುಡ್ಡ. ಅದರ ಮೇಲೆ ಅಲ್ಲಲ್ಲಿ ತಗಡಿನ ಚಪ್ಪರ, ಚಪ್ಪರದಡಿ ಮರದ ದಿಮ್ಮಿಗಳು. ಮುಟ್ಟಿ ನೋಡಿದರೆ ಕಲ್ಲು! ತೊಗಟೆಯ ಗೆರೆ, ಕೊಂಬೆಯ ಗಂಟು ಎಲ್ಲ ಹಾಗೇ ಇವೆ, ಆದರೆ ಮರವಲ್ಲ. ಸುಮಾರು 18 ಕೋಟಿ ವರ್ಷಗಳ ಹಿಂದೆ ಇಲ್ಲಿ ದಟ್ಟ ಕಾಡಿತ್ತು. ಮಳೆ ಇತ್ತು. ಉರುಳಿದ ಮರಗಳು ಕೆಸರಿನಡಿ ಹೂತುಹೋಗಿ, ಕೊಳೆಯುವ ಬದಲು, ನೀರಿನಲ್ಲಿ ಕರಗಿದ್ದ ಖನಿಜ ಅವುಗಳ ಒಳಗೆ ಕಣಕಣವಾಗಿ ತುಂಬಿ ಕಲ್ಲಾದವು. ಅತಿ ಉದ್ದದ ದಿಮ್ಮಿ ಹದಿಮೂರು ಮೀಟರಿನಷ್ಟಿದೆ. ಡೈನೋಸಾರ್‌ಗಳು ತಿರುಗಾಡುತ್ತಿದ್ದ ಕಾಲದ ಮರದ ಪಕ್ಕದಲ್ಲಿ ಎಪ್ಪತ್ತು ದಾಟಿದ ನನ್ನನ್ನು ನಿಲ್ಲಿಸಿ ಮೊಮ್ಮಗಳು ಫೋಟೊ ತೆಗೆದಳು. “ಇಬ್ಬರೂ ಹಳಬರು” ಎಂದು ನಕ್ಕಳು.

ಸಂಜೆ ಸಮ್ ದಿಬ್ಬಗಳಿಗೆ ಹೋದೆವು. ಕೊನೆಗೂ ಅವಳ ಸಿನಿಮಾ ಮರಳು ಸಿಕ್ಕಿತು. ಹೊರಳಾಡಿದಳು, ಜಾರಿದಳು, ಒಂಟೆ ಹತ್ತಿದಳು. ಆ ಜಾಗದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಸಾಲು ಸಾಲು ಗುಡಾರ, ದಿಬ್ಬ ಹತ್ತಿಳಿಯುವ ಜೀಪುಗಳ ಗರ್ಜನೆ, ಹಾಡಿನ ಅಬ್ಬರ. ನಾವು ಉಳಿದುಕೊಂಡ ಗುಡಾರದವರಿಗೆ ರಾತ್ರಿ ಹತ್ತಾದರೂ ಸದ್ದು ತಗ್ಗಿಸಿ ಎಂದು ಎರಡು ಸಲ ಹೇಳಿದೆ. ಕೇಳಲಿಲ್ಲ. ನಕ್ಷತ್ರಗಳನ್ನು ನೋಡಬೇಕೆಂದು ಅಷ್ಟು ದೂರ ಹೋದವರಿಗೆ ಬಣ್ಣದ ದೀಪಗಳೇ ಕಂಡವು.

ನೀರು ಕುಡಿಯದವರ ಊರು

ಅದಕ್ಕೆ ಪರಿಹಾರ ಸಿಕ್ಕಿದ್ದು ಮರುದಿನ ಬೆಳಗಿನ ಐದೂವರೆಗೆ. ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ನಮ್ಮ ಜೊತೆ ಬಂದರು. ಐವತ್ತರ ಆಸುಪಾಸಿನವರು, ಹತ್ತಿರದ ಹಳ್ಳಿಯವರೇ. ಗುಡಾರಗಳನ್ನು ಬಿಟ್ಟು ಬಹುದೂರ ಹೋಗಿ, ಯಾರೂ ತುಳಿಯದ ಒಂದು ಚಿಕ್ಕ ದಿಬ್ಬದ ಬಳಿ ಜೀಪು ನಿಲ್ಲಿಸಿದರು. ಸೂರ್ಯ ಆಗಷ್ಟೇ ಏಳುತ್ತಿದ್ದ. ಓರೆ ಬಿಸಿಲಿಗೆ ಮರಳಿನ ಮೇಲಿನ ಒಂದೊಂದು ಗುರುತೂ ಎದ್ದು ಕಾಣುತ್ತಿತ್ತು.

ಮಕ್ಕಳೇ, ರಾತ್ರಿಯಿಡೀ ಅಲ್ಲಿ ಏನು ನಡೆದಿತ್ತು ಎಂಬುದನ್ನು ಅವರು ಓದಿ ಹೇಳಿದ ರೀತಿ ನೀವು ಕೇಳಬೇಕಿತ್ತು. ಹೊಲಿಗೆ ಹಾಕಿದಂಥ ಎರಡು ಸಾಲು ಚುಕ್ಕಿ: ಜೀರುಂಡೆ ಹೋದದ್ದು. ಪುಟ್ಟ ಪುಟ್ಟ ಜೋಡಿ ಹೆಜ್ಜೆ, ಪೊದೆಯಡಿಯ ಬಿಲದವರೆಗೆ: ಮರುಭೂಮಿ ಇಲಿ. ಒಂದೇ ನೇರದಲ್ಲಿ, ನೂಲು ಹಿಡಿದು ನಡೆದಂತೆ ಬೆಕ್ಕಿನ ಗಾತ್ರದ ಪಾದಗಳು: ನರಿ. ಇಲ್ಲಿನ ನರಿಯ ಬಾಲದ ತುದಿ ಬೆಳ್ಳಗಿರುತ್ತದೆ. ನಮ್ಮ ಬಯಲುಸೀಮೆಯ ನರಿಯದು ಕಪ್ಪು ತುದಿ. ಇನ್ನೊಂದು ಕಡೆ ಒಂದಕ್ಕೊಂದು ತಾಗದ ಓರೆ ಗೆರೆಗಳು, ಏಣಿಯ ಮೆಟ್ಟಿಲಿನಂತೆ. ಮೊಮ್ಮಗಳು ಅದರ ಮೇಲೆ ಕೈಯಿಡಲು ಹೋದಾಗ ಅವರು ತಡೆದರು. ಅದು ಗರಗಸ ಮಂಡಲ ಹಾವು. ಸಡಿಲ ಮರಳಿನಲ್ಲಿ ಮುಂದಕ್ಕೆ ಹರಿದರೆ ಜಾರುತ್ತದೆಂದು ಮೈಯನ್ನು ಎತ್ತಿ ಎತ್ತಿ ಪಕ್ಕಕ್ಕೆ ಸರಿಯುತ್ತದೆ. ಕೆಣಕಿದರೆ ಮೈಯ ಒರಟು ಹುರುಪೆಗಳನ್ನು ಒಂದಕ್ಕೊಂದು ತಿಕ್ಕಿ ಗರಗಸದ ಸದ್ದು ಮಾಡುತ್ತದೆ. ಈ ಹಾವು ನಮ್ಮ ಕರ್ನಾಟಕದ ಕಲ್ಲುಬಯಲುಗಳಲ್ಲೂ ಇದೆ. ವಿಷದ್ದು. ಹೊಲಕ್ಕೆ ಹೋಗುವಾಗ ಕಾಲಿಗೆ ಜೋಡು ಹಾಕಿಕೊಳ್ಳಿ ಎಂದು ಅಜ್ಜಂದಿರು ಬೈಯುವುದು ಇದಕ್ಕೇ.

“ಇವೆಲ್ಲ ನೀರು ಎಲ್ಲಿ ಕುಡಿತಾವ?” ಎಂದು ಮೊಮ್ಮಗಳು ಕೇಳಿದಳು. ಅದು ಒಳ್ಳೆಯ ಪ್ರಶ್ನೆ. ಉತ್ತರ ಇನ್ನೂ ಚೆನ್ನಾಗಿದೆ: ಅನೇಕ ಪ್ರಾಣಿಗಳು ಕುಡಿಯುವುದೇ ಇಲ್ಲ.

ಆ ಇಲಿ ಹಗಲಿನ ಬೇಗೆಯ ಹೊತ್ತನ್ನು ತಂಪಾದ ಬಿಲದಲ್ಲಿ ಕಳೆಯುತ್ತದೆ. ತಿನ್ನುವ ಬೀಜ, ಎಲೆಗಳಿಂದಲೇ ಅದಕ್ಕೆ ಬೇಕಾದ ನೀರು ಹುಟ್ಟುತ್ತದೆ. ಮೂತ್ರದಲ್ಲೂ ನೀರನ್ನು ಪೋಲು ಮಾಡುವುದಿಲ್ಲ. ಚಿಂಕಾರ ಜಿಂಕೆ ಎಲೆ, ಹಣ್ಣು ತಿಂದು, ಬೆಳಗಿನ ಇಬ್ಬನಿ ನೆಕ್ಕಿ ವಾರಗಟ್ಟಲೆ ಇರಬಲ್ಲದು. ಅಂದು ಬೆಳಿಗ್ಗೆ ನಾವು ಹನ್ನೊಂದು ಚಿಂಕಾರಗಳನ್ನು ಎಣಿಸಿದೆವು. ಮರಳಿನದೇ ಬಣ್ಣ, ಸುಮ್ಮನೆ ನಿಂತರೆ ಇಲ್ಲ, ಬಾಲ ಅಲ್ಲಾಡಿಸಿದರೆ ಇದೆ! ಇದು ರಾಜಸ್ಥಾನದ ರಾಜ್ಯಪ್ರಾಣಿ. ನೋಡಬೇಕೆಂದರೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗೆಂದೇ ವನ್ಯಧಾಮವಿದೆ.

ಬಿಸಿಲು ಏರಿದ ಮೇಲೆ ಗಟ್ಟಿ ನೆಲದಲ್ಲಿ ಬಿಲಗಳ ಬಾಯಲ್ಲಿ ಸಾಂಡಾಗಳು ಕಾಣಿಸಿಕೊಂಡವು. ಉಡವನ್ನು ಹೋಲುವ, ಮೊಳಕ್ಕಿಂತ ಚಿಕ್ಕ ಹಲ್ಲಿ. ಬಾಲದ ತುಂಬ ಮುಳ್ಳಿನ ಬಳೆಗಳು. ನೋಡಲು ಭಯಂಕರ, ತಿನ್ನುವುದು ಹೆಚ್ಚಾಗಿ ಸೊಪ್ಪು. ಬಿಲದೊಳಗೆ ಹೋದರೆ ಒಳಗಿನಿಂದ ಮಣ್ಣು ಮುಚ್ಚಿ ಬಾಗಿಲು ಹಾಕಿಕೊಳ್ಳುತ್ತದೆ. ಪಾಪ, ಅದರ ಬಾಲದ ಕೊಬ್ಬಿನಿಂದ ತೆಗೆದ ಎಣ್ಣೆ ಕೀಲುನೋವಿಗೆ ಮದ್ದು ಎಂದು ನಂಬಿ ಕದ್ದು ಹಿಡಿದು ಕೊಲ್ಲುವವರಿದ್ದಾರೆ. ನನಗೂ ಮೊಣಕಾಲು ನೋವಿದೆ. ಅಂಥ ಎಣ್ಣೆಯನ್ನು ಸಂತೆಯಲ್ಲಿ ಮಾರುವುದನ್ನು ನನ್ನ ವಯಸ್ಸಿನವರು ಕಂಡಿದ್ದೀರಿ. ಅದರಿಂದ ಯಾರ ಮೊಣಕಾಲೂ ವಾಸಿಯಾಗಿದ್ದನ್ನು ನಾನಂತೂ ನೋಡಿಲ್ಲ.

ನನಗೆ ಅತಿ ಹಿಡಿಸಿದ್ದು ಒಂದು ಅಪ್ಪ ಹಕ್ಕಿ. ಸ್ಯಾಂಡ್‌ಗ್ರೌಸ್ ಎಂದು ಹೆಸರು, ಪಾರಿವಾಳದ ಗಾತ್ರ. ಒಣ ಕಾಳು ತಿನ್ನುವ ಹಕ್ಕಿಯಾದ್ದರಿಂದ ಇದಕ್ಕೆ ನೀರು ಬೇಕೇ ಬೇಕು. ದಿನವೂ ಗುಂಪು ಕಟ್ಟಿಕೊಂಡು ಮೈಲುಗಟ್ಟಲೆ ಹಾರಿ ಹೊಂಡಕ್ಕೆ ಬರುತ್ತವೆ. ಹಾರಲಾರದ ಮರಿಗಳಿಗೆ ನೀರು ಹೇಗೆ? ಅಪ್ಪ ಹೊಂಡಕ್ಕಿಳಿದು ಎದೆಯನ್ನು ನೀರಿಗೆ ಅದ್ದಿ ಕುಳಿತುಕೊಳ್ಳುತ್ತಾನೆ. ಅವನ ಹೊಟ್ಟೆಯ ಗರಿಗಳಿಗೆ ಸ್ಪಂಜಿನಂತೆ ನೀರು ಹಿಡಿಯುವ ಗುಣವಿದೆ. ಹಾಗೇ ಹಾರಿ ಹೋಗಿ ಗೂಡಿನ ಬಳಿ ಎದೆಯುಬ್ಬಿಸಿ ನಿಲ್ಲುತ್ತಾನೆ. ಮರಿಗಳು ಬಂದು ಗರಿಗಳನ್ನು ಚೀಪಿ ನೀರು ಕುಡಿಯುತ್ತವೆ.

ಬನ್ನಿ ಗಿಡದ ಪಲ್ಯ

ಮಧ್ಯಾಹ್ನದ ಊಟ ಆ ಕಾವಲುಗಾರರ ಮನೆಯಲ್ಲಿ. ಮಣ್ಣಿನ ಗುಂಡು ಗುಡಿಸಲು, ಹುಲ್ಲಿನ ಮಾಡು, ಅಂಗಳ ಸಾರಿಸಿ ಕನ್ನಡಿಯಂತಿತ್ತು. ಅಂಗಳದಾಚೆ ಒಂದೇ ಒಂದು ಮರ. ಮೊಮ್ಮಗಳು ಅದರ ಕೆಳಗೆ ಹೋಗಿ ನಿಂತವಳು ತಟಕ್ಕನೆ ಚೀಲದಿಂದ ನೋಟುಪುಸ್ತಕ ತೆಗೆದು, ಒಣಗಿದ ಎಲೆಯನ್ನು ಕೊಂಬೆಗೆ ಹಿಡಿದು ನೋಡಿದಳು.

“ಅಜ್ಜಾ, ಇದು ನಮ್ಮ ಬನ್ನಿ ಗಿಡಾನ ಅಲ್ಲೇನು?”

ಹೌದು. ಅವರು ಖೇಜಡಿ ಎನ್ನುತ್ತಾರೆ. ನಾವು ವಿಜಯದಶಮಿಗೆ ಪೂಜೆ ಮಾಡಿ ಎಲೆ ಹಂಚುವ, ಪಾಂಡವರು ಆಯುಧ ಬಚ್ಚಿಟ್ಟರೆಂದು ಹೇಳುವ ಅದೇ ಬನ್ನಿ. ಇಲ್ಲಿ ಅದು ಹಬ್ಬದ ಮರವಲ್ಲ, ದಿನದ ಮರ. ಸುಡುವ ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಎಲೆ ಆಡು, ಒಂಟೆಗಳಿಗೆ ಮೇವು. ಅದರ ನೆರಳಿನಡಿ ಸಜ್ಜೆ ಚೆನ್ನಾಗಿ ಬೆಳೆಯುತ್ತದೆಂದು ಹೊಲದ ನಡುವೆ ಇದ್ದರೂ ಕಡಿಯುವುದಿಲ್ಲ. ಎಳೆ ಕಾಯಿ ಸಾಂಗರಿ. ಅದನ್ನು ಒಣಗಿಸಿಟ್ಟು, ಕೇರ್ ಎಂಬ ಮುಳ್ಳುಪೊದೆಯ ಹುಳಿಕಾಯಿಯ ಜೊತೆ ಬೇಯಿಸಿ ಪಲ್ಯ ಮಾಡುತ್ತಾರೆ. ತಟ್ಟೆಗೆ ಬಂದದ್ದು ಅದೇ, ಜೊತೆಗೆ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆ. ಸಾವಿರಾರು ಮೈಲಿ ದಾಟಿ ಬಂದು ನಮ್ಮದೇ ಸಜ್ಜೆ ರೊಟ್ಟಿ ಕಂಡಾಗ ನನಗೆ ಮಾತೇ ಹೊರಡಲಿಲ್ಲ. ನಮ್ಮ ರೊಟ್ಟಿಗಿಂತ ದಪ್ಪ, ಮೇಲೆ ತುಪ್ಪ. ಬನ್ನಿಯ ಕಾಯಿ ತಿನ್ನಬಹುದೆಂದು ಎಪ್ಪತ್ತು ವರ್ಷ ಅದರ ಕೆಳಗೆ ಓಡಾಡಿದ ನನಗೆ ಗೊತ್ತೇ ಇರಲಿಲ್ಲ.

ಈ ಮರಕ್ಕಾಗಿ ಜೀವ ಕೊಟ್ಟವರಿದ್ದಾರೆ. 1730ರಲ್ಲಿ ಜೋಧಪುರದ ಅರಸನ ಆಳುಗಳು ಅರಮನೆ ಕೆಲಸಕ್ಕೆ ಸೌದೆ ಬೇಕೆಂದು ಖೇಜಡಲಿ ಎಂಬ ಹಳ್ಳಿಗೆ ಕೊಡಲಿ ಹಿಡಿದು ಬಂದರು. ಬಿಷ್ಣೋಯಿ ಸಮುದಾಯದ ಅಮೃತಾದೇವಿ ಎಂಬ ತಾಯಿ ಮರವನ್ನು ಅಪ್ಪಿ ನಿಂತಳು. ಅವಳನ್ನೂ ಅವಳ ಹೆಣ್ಣುಮಕ್ಕಳನ್ನೂ ಕಡಿದರು. ಒಬ್ಬರ ಹಿಂದೊಬ್ಬರಂತೆ 363 ಮಂದಿ ಸತ್ತರು. ಈ ಕಥೆ ಹೇಳುವಾಗ ಮೊಮ್ಮಗಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದಳು.

ಊಟದ ಪಾತ್ರೆಗಳನ್ನು ಮನೆಯ ಅಜ್ಜಿ ಮರಳಿನಲ್ಲಿ ತಿಕ್ಕಿ ಒರೆಸಿಟ್ಟರು. ಕೈ ತೊಳೆಯಲು ನಮಗೆ ಕೊಟ್ಟದ್ದು ಒಂದು ಲೋಟ ನೀರು. ಅದೂ ನಾವು ಅತಿಥಿಗಳೆಂದು. ಆ ನೀರು ಬಂದದ್ದು ಅಂಗಳದ ಮೂಲೆಯ ಟಾಂಕಾದಿಂದ. ನೆಲದಡಿ ತೋಡಿ ಗಾರೆ ಮಾಡಿದ ಗುಂಡು ತೊಟ್ಟಿ, ಸುತ್ತಲಿನ ನೆಲ ಅದರ ಕಡೆಗೆ ಇಳಿಜಾರು. ಬಿದ್ದ ಮಳೆಯೆಲ್ಲ ಓಡಿಬಂದು ಅದರೊಳಗೆ ಬೀಳುತ್ತದೆ. ಮುಚ್ಚಳಕ್ಕೆ ಬೀಗ! ದೊಡ್ಡ ಪ್ರಮಾಣದಲ್ಲಿ ಇದನ್ನೇ ಹೊಲದಲ್ಲಿ ಮಾಡಿದರೆ ಖಡೀನ್. ಇಳಿಜಾರಿನ ತಗ್ಗಿನಲ್ಲಿ ಉದ್ದನೆಯ ಒಡ್ಡು ಹಾಕಿ ಮಳೆನೀರನ್ನು ತಡೆಯುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲೇ ಚಳಿಗಾಲದ ಗೋಧಿ, ಕಡಲೆ. ಜೈಸಲ್ಮೇರಿನ ಪಾಲಿವಾಲರು ಶತಮಾನಗಳ ಹಿಂದೆಯೇ ಇದನ್ನು ಕಟ್ಟುವುದರಲ್ಲಿ ಪಳಗಿದ್ದರು. ನಮ್ಮ ಹಿಂಗಾರಿ ಹೊಲದ ಒಡ್ಡು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಸುದಾಸರಿಯ ಸಂಜೆ

ನಾಲ್ಕು ಗಂಟೆಗೆ ಸುದಾಸರಿಗೆ ಹೊರಟೆವು. ಉದ್ಯಾನದೊಳಗೆ ಹುಲ್ಲುಗಾವಲಿನ ಒಂದು ದೊಡ್ಡ ಭಾಗಕ್ಕೆ ಬೇಲಿ ಹಾಕಿ ದನಕರು, ನಾಯಿಗಳು ನುಗ್ಗದಂತೆ ಕಾದಿದ್ದಾರೆ. ಎರೆಭೂತ ಉಳಿದಿರುವ ಮುಖ್ಯ ನೆಲೆ ಇದು. ಅಲ್ಲಿ ಅದರ ಹೆಸರು ಗೋಡಾವಣ. 1981ರಿಂದ ರಾಜಸ್ಥಾನದ ರಾಜ್ಯಪಕ್ಷಿ. ಪಕ್ಷಿತಜ್ಞ ಸಾಲಿಂ ಅಲಿ ಇದನ್ನು ರಾಷ್ಟ್ರಪಕ್ಷಿ ಮಾಡಬೇಕೆಂದು ಬಯಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು.

ಜೀಪು ನಿಂತಿತು. ಎಂಜಿನ್ ಬಂದ್. ಮಾತು ಬಂದ್. ಒಂದು ಗಂಟೆ ಏನೂ ಇಲ್ಲ. ಹದ್ದೊಂದು ಸುತ್ತು ಹಾಕಿತು. ಚಿಂಕಾರ ಎರಡು ದಾಟಿಹೋದವು. ಮೊಮ್ಮಗಳು ಮೊದಲು ಉಗುರು ಕಚ್ಚಿದಳು, ಆಮೇಲೆ ನಿದ್ದೆಗೆ ಜಾರಿದಳು. ಅಷ್ಟು ದೂರ ಕರೆತಂದು ಬರಿಗೈಲಿ ಕರೆದೊಯ್ಯಬೇಕಾಗುತ್ತದೋ ಎಂದು ನನಗೆ ಒಳಗೊಳಗೇ ಅಳುಕು.

ಕಾವಲುಗಾರರು ನನ್ನ ಮೊಣಕೈ ಮುಟ್ಟಿದರು. ಬಹಳ ದೂರ, ಬಾರಿ ಪೊದೆಯೊಂದರ ಬಲಕ್ಕೆ, ಒಂದು ಬಿಳಿ ಗೆರೆ. ಗೆರೆ ನಡೆಯಿತು. ದುರ್ಬೀನಿನಲ್ಲಿ ನೋಡಿದೆ. ಬಿಳಿ ಕುತ್ತಿಗೆ, ಕರೀ ಟೋಪಿ, ಕಂದು ಬೆನ್ನು. ಒಂದು ಹೆಜ್ಜೆ, ನಿಲ್ಲುವುದು, ಮತ್ತೊಂದು ಹೆಜ್ಜೆ. ಐವತ್ತೈದು ವರ್ಷಕ್ಕೂ ಮೇಲಾಗಿತ್ತು. ಮೊಮ್ಮಗಳನ್ನು ಎಬ್ಬಿಸಿ ದುರ್ಬೀನು ಕೊಟ್ಟಾಗ ನನ್ನ ಕೈ ನಡುಗುತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು. ಅದರ ಹಿಂದೆ ಇನ್ನೊಂದಿದೆ ಎಂದು ಕಂಡುಹಿಡಿದವಳೂ ಅವಳೇ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇದು ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಪೈಕಿ ಒಂದು. ಎತ್ತರ ಒಂದು ಮೀಟರ್. ಗಂಡು ಹದಿನೈದು ಕಿಲೋವರೆಗೆ ತೂಗುತ್ತದೆ, ಮೂರು ವರ್ಷದ ಮಗುವಿನಷ್ಟು. ಮಿಡತೆ, ಜೀರುಂಡೆ, ಚಿಕ್ಕ ಹಲ್ಲಿ, ಕಾಳು, ಬಾರಿಹಣ್ಣು ಎಲ್ಲವೂ ಅದಕ್ಕೆ ಊಟ. ಮಳೆಗಾಲದಲ್ಲಿ ಗಂಡು ಕತ್ತಿನ ಕೆಳಗಿನ ಚೀಲವನ್ನು ಗಾಳಿ ತುಂಬಿ ಜೋಲುಬಿಟ್ಟು, ಬಾಲವನ್ನು ಬೀಸಣಿಗೆಯಂತೆ ಎತ್ತಿ, ಹೂಂಕರಿಸುತ್ತಾ ಕುಣಿಯುತ್ತದೆ. ಹೆಣ್ಣು ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ. ಅದನ್ನು ನಾಯಿ, ನರಿ, ಕಾಗೆ ತಿನ್ನದಿದ್ದರೆ, ದನ ತುಳಿಯದಿದ್ದರೆ, ನಾಲ್ಕು ವಾರಕ್ಕೆ ಒಂದು ಮರಿ. ಕೋಳಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಹಕ್ಕಿ ಸತ್ತರೆ ಆ ಜಾಗ ತುಂಬಲು ವರ್ಷಗಳು ಬೇಕು.

ಒಂದು ಕಾಲಕ್ಕೆ ಹನ್ನೊಂದು ರಾಜ್ಯಗಳಲ್ಲಿದ್ದ ಹಕ್ಕಿ ಇದು. ಈಗ ಕಾಡಿನಲ್ಲಿ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ, ಹೆಚ್ಚಿನವು ಜೈಸಲ್ಮೇರಿನಲ್ಲಿ. ನಮ್ಮಲ್ಲಿ ಬಳ್ಳಾರಿಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಂಡ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ನಮ್ಮ ಊರ ಕಡೆಯವು ಹೋದ ಕಥೆ ನನಗೆ ಗೊತ್ತು. ಮೊದಲು ಬೇಟೆ. ಆಮೇಲೆ, ಖಾಲಿ ಬಿದ್ದ ಹುಲ್ಲುಗಾವಲು ಯಾಕೆ ದಂಡ ಎಂದು ನೀಲಗಿರಿ ನೆಟ್ಟೆವು. 1974ರಲ್ಲಿ ವನ್ಯಧಾಮವಾದಾಗ ಕೃಷ್ಣಮೃಗಗಳು ಉಳಿದುಕೊಂಡವು, ಎರೆಭೂತ ಉಳಿಯಲಿಲ್ಲ. ಬಯಲಲ್ಲಿ ನಾಲ್ಕೂ ದಿಕ್ಕು ಕಂಡರೆ ಮಾತ್ರ ಅದಕ್ಕೆ ಧೈರ್ಯ. ನಾವು ಮರ ಬೆಳೆಸಿದ್ದನ್ನು ಹಸಿರು ಎಂದುಕೊಂಡೆವು, ಅದಕ್ಕೆ ಅದು ಗೋಡೆ. ಮರುಭೂಮಿಯಲ್ಲೂ ಇಂಥದೇ ನಡೆದಿದೆ. ಇಂದಿರಾ ಗಾಂಧಿ ಕಾಲುವೆಯ ನೀರು ಬಂದ ಕಡೆ ಸೇವಣ ಹುಲ್ಲು ಹೋಗಿ ಹೊಲಗಳಾಗಿವೆ. ರೈತನಾಗಿ ನಾನು ಅದನ್ನು ತಪ್ಪು ಎನ್ನಲಾರೆ. ನೀರು ಕಾಣದವರಿಗೆ ನೀರು ಸಿಕ್ಕಿದೆ.

ತಂತಿಗಳು

ಈಗ ಅದನ್ನು ಹೆಚ್ಚಾಗಿ ಕೊಲ್ಲುತ್ತಿರುವುದು ಬಂದೂಕಲ್ಲ, ಕರೆಂಟಿನ ತಂತಿ. ಅಷ್ಟು ಬಿಸಿಲು, ಅಷ್ಟು ಗಾಳಿ ಇರುವ ಬಯಲಿನಲ್ಲಿ ಸೌರಫಲಕಗಳು, ಗಾಳಿಯಂತ್ರಗಳು ಎದ್ದಿವೆ. ಅಲ್ಲಿ ಹುಟ್ಟಿದ ವಿದ್ಯುತ್ತನ್ನು ಊರುಗಳಿಗೆ ಸಾಗಿಸಲು ಎತ್ತರದ ಕಂಬಗಳು, ಸಾಲು ಸಾಲು ತಂತಿಗಳು. ಗೋಡಾವಣದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲಿನ ಶತ್ರುವನ್ನು ನೋಡಲು ಒಳ್ಳೆಯದು, ನೇರ ಮುಂದಿನದು ಸರಿಯಾಗಿ ಕಾಣದು. ಹಾರುವಾಗ ಕೆಳಗಿನ ನೆಲ ನೋಡುತ್ತಾ ಹಾರುತ್ತದೆ. ತೀರಾ ಹತ್ತಿರ ಬಂದಾಗ ತಂತಿ ಕಂಡರೂ ಆ ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗದು.

“ಹಂಗಾರ ತಂತಿ ನೆಲದಾಗ ಹುಗೀಬೇಕಪಾ” ಎಂದಳು ಮೊಮ್ಮಗಳು.

ಸುಪ್ರೀಂ ಕೋರ್ಟು ಕೂಡ 2021ರಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿತ್ತು. ಹಕ್ಕಿಗಳ ನೆಲೆಯಲ್ಲಿ ಸಾಧ್ಯವಿರುವಲ್ಲೆಲ್ಲ ತಂತಿಗಳನ್ನು ನೆಲದಡಿ ಹಾಕಬೇಕು, ಉಳಿದವಕ್ಕೆ ಹಕ್ಕಿಗೆ ಕಾಣುವಂಥ ಬಿಲ್ಲೆಗಳನ್ನು ತೂಗಬೇಕು ಎಂದು. ಭಾರೀ ವೋಲ್ಟೇಜಿನ ತಂತಿಯನ್ನು ಅಷ್ಟು ಉದ್ದಕ್ಕೆ ಹುಗಿಯುವುದು ಕಷ್ಟ, ಖರ್ಚು ವಿಪರೀತ, ಕಲ್ಲಿದ್ದಲು ಬಿಟ್ಟು ಬಿಸಿಲಿನ ವಿದ್ಯುತ್ತಿಗೆ ಹೋಗಬೇಕಾದ ದೇಶಕ್ಕೆ ಇದರಿಂದ ತೊಡಕು ಎಂದು ಸರ್ಕಾರ ವಾದಿಸಿತು. 2024ರಲ್ಲಿ ನ್ಯಾಯಾಲಯ ಆ ಆದೇಶವನ್ನು ಸಡಿಲಿಸಿ, ಎಲ್ಲಿ ಹುಗಿಯಬೇಕು, ಎಲ್ಲಿ ಬೇಡ ಎಂದು ನೋಡಲು ತಜ್ಞರ ಸಮಿತಿ ಮಾಡಿತು. ಎರಡೂ ಕಡೆ ನ್ಯಾಯವಿದೆ ಎನ್ನುವುದೇ ಇದರ ಸಂಕಟ. ಗದಗದ ಗುಡ್ಡದ ಗಾಳಿಯಂತ್ರಗಳನ್ನು ದಿನವೂ ನೋಡುವ, ಕರೆಂಟು ಹೋದರೆ ಗೊಣಗುವ ನಾನು ಯಾವ ಬಾಯಲ್ಲಿ ವಿದ್ಯುತ್ ಬೇಡ ಎನ್ನಲಿ? ಆದರೆ ವಿದ್ಯುತ್ತಿನ ದಾರಿ ಬದಲಿಸಬಹುದು. ಒಂದೇ ಮೊಟ್ಟೆಯ ಹಕ್ಕಿಗೆ ಬೇರೆ ಬಯಲಿಲ್ಲ.

ಇನ್ನೊಂದು ಕೆಲಸವೂ ನಡೆಯುತ್ತಿದೆ. 2019ರಿಂದ ಕಾಡಿನ ಮೊಟ್ಟೆಗಳನ್ನು ಜೋಪಾನವಾಗಿ ತಂದು, ಯಂತ್ರದಲ್ಲಿ ಕಾವು ಕೊಟ್ಟು, ಸಮ್ ಮತ್ತು ರಾಮದೇವರಾದ ಕೇಂದ್ರಗಳಲ್ಲಿ ಮರಿ ಮಾಡಿಸಿ ಸಾಕುತ್ತಿದ್ದಾರೆ. ಹಾಗೆ ಬೆಳೆದ ಹಕ್ಕಿಗಳೇ ಈಗ ಮೊಟ್ಟೆಯಿಡುತ್ತಿವೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಎರಡೂ ಕೇಂದ್ರಗಳಲ್ಲಿ ಸೇರಿ ಐವತ್ತಕ್ಕೂ ಹೆಚ್ಚು ಹಕ್ಕಿಗಳಿವೆ. ಅಲ್ಲಿಗೆ ನಮ್ಮಂಥವರಿಗೆ ಪ್ರವೇಶವಿಲ್ಲ, ಇರಲೂಬಾರದು. ಮುಂದೊಂದು ದಿನ ಅವನ್ನು ಬಯಲಿಗೆ ಬಿಡಬೇಕು. ಆಗ ಬಯಲು ಇರಬೇಕಲ್ಲ ಎಂದು ಕಾವಲುಗಾರರು ಹಿಂದಿಯಲ್ಲಿ ಹೇಳಿ ಸುಮ್ಮನಾದರು.

ಜೈಸಲ್ಮೇರಿಗೆ ಮರಳುವಾಗ ಕತ್ತಲಾಗುತ್ತಿತ್ತು. ಮೊಮ್ಮಗಳು ಕಿಟಕಿಗೆ ಮುಖವಿಟ್ಟು ತಂತಿಗಳ ಮೇಲಿನ ಬಿಲ್ಲೆಗಳನ್ನು ಎಣಿಸುತ್ತಿದ್ದಳು. ನೂರ ಹದಿನಾಲ್ಕರವರೆಗೆ ಕೇಳಿಸಿತು. ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದಳು.

ಊರಿಗೆ ಬಂದ ಮೇಲೆ ಆ ನೋಟುಪುಸ್ತಕದಲ್ಲಿ ಬನ್ನಿ ಎಲೆಯ ಪಕ್ಕಕ್ಕೆ ಒಂದು ಒಣ ಸಾಂಗರಿ ಸೇರಿತು. ನಮ್ಮ ಮನೆಯಾಕೆ ಸಾಂಗರಿ ಪಲ್ಯ ಮಾಡಲು ಒಪ್ಪಿದ್ದಾಳೆ. ಬನ್ನಿ ಕಾಯಿ ಬಿಡುವ ಬೇಸಿಗೆವರೆಗೆ ಕಾಯಬೇಕು.

ಮರುವಾರ ಅವಳ ಹಟಕ್ಕೆ ಹಳೆಯ ಹೊಲಕ್ಕೆ ಹೋದೆವು, ಎರೆಭೂತ ನಿಂತಿದ್ದ ಜಾಗ ತೋರಿಸಲು. ಈಗ ಅಲ್ಲೆಲ್ಲ ಗೋವಿನಜೋಳ. ಬದುವಿನ ಮೇಲೆ ನಿಂತು ಸುಮಾರಾಗಿ ಇಲ್ಲೇ ಎಂದು ಕೈ ತೋರಿಸಿದೆ. ಅವಳು ನನ್ನ ಕೈ ಕಡೆ ನೋಡಲಿಲ್ಲ, ತಲೆಯೆತ್ತಿ ಮೇಲೆ ನೋಡುತ್ತಿದ್ದಳು. ಹೊಲದ ಮೇಲೆ ಅಡ್ಡಲಾಗಿ ಮೂರು ತಂತಿ ಹಾದುಹೋಗಿದ್ದವು. ದಿನವೂ ಓಡಾಡುವ ಹೊಲ. ನಾನು ಅವನ್ನು ಅದುವರೆಗೆ ಗಮನಿಸಿಯೇ ಇರಲಿಲ್ಲ.